ಹೆಸರು ಬಿಡಿ, ಸರ್ವೆ ನಂಬರು ಹಿಡಿಯಿರಿ: ಮನೆತನದ ಹುಡುಕಾಟಕ್ಕೆ ಓದುಗರ ಪ್ರಶ್ನೆಗಳು

ಮುತ್ತಜ್ಜ, ಅವರಪ್ಪ, ಅವರಜ್ಜ ಎಂದು ಹಿಂದಕ್ಕೆ ಹೋಗಲು ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ, ಶಾಲೆ, ನ್ಯಾಯಾಲಯಗಳ ಹಳೆಯ ವಹಿಗಳನ್ನು ಹೇಗೆ ಬಳಸಬೇಕೆಂದು ಹಲವರು ಕೇಳಿದ್ದಾರೆ. ಒಂದೇ ಬಗೆಯ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ನಮ್ಮದು ತುಮಕೂರು ಜಿಲ್ಲೆಯ ಹಳ್ಳಿ. ತಾತನ ಹೆಸರು ತಿಮ್ಮಯ್ಯ ಎಂದಷ್ಟೇ ಗೊತ್ತು. ಆ ಊರಲ್ಲಿ ಹತ್ತು ಜನ ತಿಮ್ಮಯ್ಯಂದಿರು ಇದ್ದಿರಬೇಕು. ತಾಲ್ಲೂಕು ಕಚೇರಿಗೆ ಹೋಗಿ ಏನೆಂದು ಕೇಳಲಿ?
– ತಿಪಟೂರಿನ ಓದುಗರು

ತಿಮ್ಮಯ್ಯನನ್ನು ಕೇಳಬೇಡಿ, ಹೊಲವನ್ನು ಕೇಳಿ. ರೆಕಾರ್ಡ್ ರೂಮಿನ ವಹಿಗಳನ್ನು ಜನರ ಹೆಸರಿನ ಮೇಲೆ ಜೋಡಿಸಿಲ್ಲ. ಮೊದಲು ಹೋಬಳಿ, ಆಮೇಲೆ ಗ್ರಾಮ, ಅದರೊಳಗೆ ಸರ್ವೆ ನಂಬರು, ಅದರೊಳಗೆ ಹಿಸ್ಸಾ, ಅಂದರೆ ಆ ನಂಬರಿನ ಉಪಭಾಗ. ಕಂದಾಯ ವಸೂಲಿಗೆಂದು ಬರೆದ ಪುಸ್ತಕಗಳಿವು. ಬರೆದವನಿಗೆ ಬೇಕಿದ್ದದ್ದು ಈ ನೆಲದ ಕಂದಾಯ ಯಾರು ಕಟ್ಟುತ್ತಾರೆ ಎನ್ನುವುದು. ನಿಮ್ಮ ವಂಶ ಅದರಲ್ಲಿ ದಾಖಲಾಗಿದ್ದು ಆ ಲೆಕ್ಕದ ಜೊತೆಜೊತೆಗೆ.

ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಇವತ್ತಿನ ಪಹಣಿ (ಆರ್.ಟಿ.ಸಿ.) ತೆಗೆಯಿರಿ. ಜಮೀನು ಎಂದೋ ಮಾರಿಹೋಗಿದ್ದರೂ ಚಿಂತೆಯಿಲ್ಲ, ನಂಬರು ಇದ್ದರೆ ಸಾಕು. ನಂಬರೂ ಗೊತ್ತಿಲ್ಲದಿದ್ದರೆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಆ ಹೊಲದಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆಯಿರಿ, ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಹಕ್ಕು ಹೇಗೆ ಬಂತು ಎಂಬುದು, 11ರಲ್ಲಿ ಸಾಲ ಮತ್ತಿತರ ಹೊರೆಗಳು, 12ರಲ್ಲಿ ಸಾಗುವಳಿ ಮಾಡುವವರು ಮತ್ತು ಬೆಳೆ ಇರುತ್ತವೆ. ನಿಮಗೆ ಬೇಕಾದದ್ದು 10ನೇ ಕಾಲಂ. "ಎಂ.ಆರ್. 14/1978-79" ಎಂಬಂಥ ಬರಹ ಅಲ್ಲಿದ್ದರೆ ಅದು ಮ್ಯುಟೇಷನ್, ಅಂದರೆ ಖಾತೆ ಬದಲಾವಣೆಯ ಸಂಖ್ಯೆ. ಐ.ಎಚ್. ಎಂದು ಶುರುವಾದರೆ ವಾರಸಿನ ಮೂಲಕ ಬಂದದ್ದು, ನಿಮಗೆ ಇನ್ನೂ ಒಳ್ಳೆಯದು.

ಆ ಮ್ಯುಟೇಷನ್ನಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಪೌತಿ ಖಾತೆಯದಾಗಿದ್ದರೆ, ಅಂದರೆ ಖಾತೆದಾರರು ಸತ್ತ ಮೇಲೆ ವಾರಸುದಾರರ ಹೆಸರಿಗೆ ಬದಲಾದದ್ದಾದರೆ, ಸತ್ತವರ ಹೆಸರು "ತಿಮ್ಮಯ್ಯ ಬಿನ್ ಲೇಟ್ ಕರಿಯಪ್ಪ" ಎಂದಿರುತ್ತದೆ. ಅಲ್ಲಿಗೆ ಒಂದು ತಲೆಮಾರು ಮೇಲೇರಿದಿರಿ. ವಾರಸುದಾರರ ಪಟ್ಟಿಯೂ ಅದರಲ್ಲಿರುತ್ತದೆ, ಅಪ್ರಾಪ್ತರಿದ್ದರೆ ಹಲವು ಕಡೆ ವಯಸ್ಸೂ ಇರುತ್ತದೆ. 1955ರಲ್ಲಿ 9 ವರ್ಷದ ಹುಡುಗ ಎಂದಿದ್ದರೆ ಹುಟ್ಟಿದ್ದು 1946ರ ಆಸುಪಾಸು. ಒಂದು ಎಚ್ಚರ ಬೇಕು. ಮ್ಯುಟೇಷನ್ ಆದ ವರ್ಷ ಸಾವಿನ ವರ್ಷವಲ್ಲ. ಸಾಲ ಬೇಕಾದಾಗಲೋ ಪಾಲಾದಾಗಲೋ ಖಾತೆ ಬದಲಿಸುವುದು ನಮ್ಮಲ್ಲಿ ವಾಡಿಕೆ. ಸತ್ತವರ ಹೆಸರಲ್ಲೇ ಇಪ್ಪತ್ತು ಮೂವತ್ತು ವರ್ಷ ಪಹಣಿ ನಡೆದಿರುವುದುಂಟು.

2000ದ ಸುಮಾರಿಗೆ ಪಹಣಿ ಕಂಪ್ಯೂಟರಿಗೆ ಏರಿತು. ಅದಕ್ಕಿಂತ ಹಿಂದಿನದು ಕೈಬರಹದ್ದು, ಒಂದೊಂದು ಹಾಳೆಯಲ್ಲಿ ಹಲವು ವರ್ಷ. ಅರ್ಜಿಯಲ್ಲಿ "ಹಳೆಯ ಪಹಣಿ ಕೊಡಿ" ಎಂದು ಬರೆದರೆ ಯಾರೂ ಹುಡುಕುವುದಿಲ್ಲ. ಗ್ರಾಮ, ಹೋಬಳಿ, ಸರ್ವೆ ನಂಬರು, "1968-69ರಿಂದ 1999-2000ದವರೆಗೆ" ಎಂದು ವರ್ಷ, ಎಲ್ಲವನ್ನೂ ಕಾಣಿಸಿ. ಹಿಸ್ಸಾ ಮಾತ್ರ ಬರೆಯಬೇಡಿ. ಇವತ್ತಿನ 45/2ಬಿ ಅರವತ್ತು ವರ್ಷದ ಕೆಳಗೆ 45/2 ಆಗಿತ್ತು, ಅದಕ್ಕೂ ಹಿಂದೆ ಬರೀ 45 ಆಗಿತ್ತು. "ಸರ್ವೆ ನಂ. 45, ಎಲ್ಲ ಹಿಸ್ಸಾಗಳು ಸೇರಿ" ಎಂದು ಕೇಳಿ. ಪೋಡಿಯಾಗಿ, ಅಂದರೆ ಅಳತೆ ಮಾಡಿ ಹೊಲ ಒಡೆದು, ಹೊಸ ನಂಬರೇ ಬಿದ್ದಿದ್ದರೆ ಹಳೆಯ ನಂಬರು ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯ ಆಕಾರ್‌ಬಂದ್ (ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ಮತ್ತು ಟಿಪ್ಪಣಿಯಲ್ಲಿ (ಸರ್ವೆಯ ಅಳತೆ ಬರಹ) ಸಿಗುತ್ತದೆ. ಸರ್ವೆ ಕಾಗದಗಳನ್ನು ತಾಲ್ಲೂಕು ರೆಕಾರ್ಡ್ ರೂಮಿನಲ್ಲಿ ಹುಡುಕಿ ಸಮಯ ಕಳೆಯಬೇಡಿ.

ಹಳೆ ಮೈಸೂರಿನ ತಾಲ್ಲೂಕುಗಳಲ್ಲಿ ಪಹಣಿಯ ಹಿಂದಿನ ಮೆಟ್ಟಿಲು ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ವಹಿ. ಗುಮಾಸ್ತರ ಬಾಯಲ್ಲಿ ಅದು "ಐ.ಎಲ್.ಆರ್.ಆರ್." ಹಕ್ಕು ಕ್ರಯದಿಂದ ಬಂತೇ, ಪಿತ್ರಾರ್ಜಿತವೇ, ಯಾವ ಪತ್ರದ ಮೇಲೆ ಎಂದು ಅದರಲ್ಲಿ ಬರೆದಿರುತ್ತಾರೆ. ಅದಕ್ಕೂ ಹಿಂದಕ್ಕೆ ಹೋದರೆ ಹಳೆಯ ಸರ್ವೆ ಕಾಲದ ಹೊಲವಾರು ಪಟ್ಟಿಯಾದ ಖೇತವಾರು ಪತ್ರಿಕೆ. ಮೈಸೂರಿನಲ್ಲಿ ಕಂದಾಯ ಸರ್ವೆ ಇಲಾಖೆ ಶುರುವಾದದ್ದು 1863ರಲ್ಲಿ. ಹೀಗೆ ಜಮೀನಿದ್ದ ಮನೆತನ ಸುಮಾರು ನಾಲ್ಕೈದು ತಲೆಮಾರಿನವರೆಗೆ ಕಾಗದದ ಮೇಲೆ ಸಿಗುತ್ತದೆ.

ಇನ್ನು ಹತ್ತು ತಿಮ್ಮಯ್ಯಂದಿರ ವಿಷಯ. ನಮ್ಮ ತಿಮ್ಮಯ್ಯ ಯಾರೆಂದು ಹೇಳುವುದು ಚಕ್ಕುಬಂದಿ, ಅಂದರೆ ಹೊಲದ ನಾಲ್ಕು ದಿಕ್ಕಿನ ಎಲ್ಲೆ. ಒಂದೇ ನಂಬರಿನ ಪಕ್ಕದ ಹಿಸ್ಸಾದವನೂ "ಬಿನ್ ಕರಿಯಪ್ಪ" ಆಗಿದ್ದರೆ ಅಣ್ಣತಮ್ಮಂದಿರು ಪಾಲಾದ ಹೊಲ ಎಂದು ಬಹುಮಟ್ಟಿಗೆ ಹಿಡಿಯಬಹುದು. ವಿಸ್ತೀರ್ಣ ಕೂಡಿಸಿ ನೋಡಿ: 40 ಗುಂಟೆಗೆ ಎಕರೆ, 16 ಆಣೆಗೆ ಗುಂಟೆ. ಹಿಸ್ಸಾಗಳ ಮೊತ್ತ ಆಕಾರ್‌ಬಂದ್‌ನ ಮೊತ್ತಕ್ಕೆ ಸರಿಹೋಗದಿದ್ದರೆ ನೀವು ನೋಡದ ಇನ್ನೊಬ್ಬ ಪಾಲುದಾರನಿದ್ದಾನೆ. ಅಥವಾ ಊರು ಬಿಟ್ಟುಹೋದ ಒಂದು ಕವಲು ಇದೆ. ಆ ಜಾಗವನ್ನು ಬಿಟ್ಟು ಮುಂದೆ ಹೋಗಬೇಡಿ.

ನಾಡಕಚೇರಿಯಲ್ಲಿ ವಂಶವೃಕ್ಷ ದೃಢೀಕರಣ ಕೊಡುತ್ತಾರಲ್ಲ, ಅದನ್ನು ತೆಗೆದುಕೊಂಡರೆ ಸಾಲದೇ?
– ಚನ್ನರಾಯಪಟ್ಟಣದ ಓದುಗರು

ಸಾಲದು. ನೀವು ಹೇಳಿದ್ದನ್ನು ಗ್ರಾಮ ಆಡಳಿತ ಅಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ಸ್ಥಳ ಮಹಜರು ಮಾಡಿ ಬರೆದುಕೊಟ್ಟದ್ದು ಅದು. ಖಾತೆ ಬದಲಾವಣೆಗೆ ಉಪಯೋಗ. ಹಳೆಯ ವಹಿಯಲ್ಲಿ ಇದ್ದದ್ದನ್ನೇ ಅದು ಹೇಳುತ್ತದೆ ಎಂದುಕೊಳ್ಳಬೇಡಿ. ನಿಮಗೆ ಗೊತ್ತಿಲ್ಲದ ಹೆಸರು ಅದರಲ್ಲಿ ಎಲ್ಲಿಂದ ಬರಬೇಕು?

ರಾಣೆಬೆನ್ನೂರು ತಾಲ್ಲೂಕಿನ ನಮ್ಮ ಜಮೀನಿನ ಹಳೆಯ ಡೈರಿ ನಕಲು ಸಿಕ್ಕಿದೆ. ಕನ್ನಡವೇ ಆದರೂ ಅರ್ಧ ತಿಳಿಯುವುದಿಲ್ಲ. ಇದಕ್ಕೂ ಹಿಂದಿನದು ಮೋಡಿ ಲಿಪಿಯಲ್ಲಿದೆ ಎನ್ನುತ್ತಾರೆ. ಹೌದೇ?
– ಹಾವೇರಿ ಜಿಲ್ಲೆಯ ಓದುಗರು

ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಸೇರಿದ್ದವು. ಅಲ್ಲಿ ಹಕ್ಕು ದಾಖಲೆಯ ಕಾಯಿದೆ ಬಂದದ್ದು 1903ರಲ್ಲಿ, ಮೈಸೂರಿಗಿಂತ ಮುಂಚೆ. ಹಾಗಾಗಿ ನಿಮ್ಮಲ್ಲಿ ಕ್ರಮವಾದ ಮ್ಯುಟೇಷನ್ ವಹಿ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ. ಊರವರು ಅದನ್ನು ಡೈರಿ ಎನ್ನುವುದುಂಟು, ಮರಾಠಿ ಬಲ್ಲವರು ಫೇರ್‌ಫಾರ್ ಎನ್ನುತ್ತಾರೆ.

ಮಾತುಗಳಿಗೆ ಬರೋಣ. "ವರ್ದಿ" ಎಂದರೆ ಬದಲಾವಣೆಯಾಗಿದೆ ಎಂದು ಕೊಟ್ಟ ವರದಿ. ವರ್ದಿ ಕೊಟ್ಟವನು ಸಾಮಾನ್ಯವಾಗಿ ಹತ್ತಿರದ ವಾರಸುದಾರ, ಅವನ ಹೆಸರು ಬರೆದುಕೊಳ್ಳಿ. "ಮಯತ" ಎಂದರೆ ಸತ್ತವನು. "ಉರ್ಫ್" ಮುಂದಿನದು ಕರೆಯುವ ಹೆಸರು. ಶಾಲೆಯಲ್ಲೂ ಮತಪಟ್ಟಿಯಲ್ಲೂ ಇದೇ ಹೆಸರಿರುವುದು ಹೆಚ್ಚು. "ಕೋಂ" ಇಂಥವನ ಹೆಂಡತಿ, "ಬಿನ್" ಇಂಥವನ ಮಗ. "ಅ.ಪಾ.ಕ." ಎಂದರೆ ಅಜ್ಞಾನ ಪಾಲನಕರ್ತ, ಅಪ್ರಾಪ್ತ ಮಗುವಿನ ಪರವಾಗಿ ನಿಂತವರು. ಬಹಳ ಸಲ ಇವರು ತಾಯಿ ಅಥವಾ ಸೋದರಮಾವ. ಎಲ್ಲೂ ದಾಖಲಾಗದ ತಾಯಿಯ ಕಡೆಯ ಹೆಸರು ಈ ಮೂರಕ್ಷರದ ಪಕ್ಕದಲ್ಲಿ ಸಿಗುತ್ತದೆ. "ವಾಟ್ನಿ" ಪಾಲು. "ವಗೈರೆ" ಎಂಬುದು ಮಾತ್ರ ಹುಡುಕುವವರ ಶತ್ರು. "ಬಸಪ್ಪ ವಗೈರೆ 3" ಎಂದು ಬರೆದು ಉಳಿದ ಮೂವರನ್ನು ಬಿಟ್ಟಿರುತ್ತಾರೆ. ಅವರ ಹೆಸರು ಮೂಲ ವರ್ದಿಯಲ್ಲಿ ಇರುತ್ತದೆ, ನಕಲಿನಲ್ಲಿ ಇರುವುದಿಲ್ಲ. ಮೂಲ ವಹಿ ನೋಡಲು ಅನುಮತಿ ಕೇಳಿ.

ಮರಾಠಿಯ ಹಳೆಯ ಕೂಡುಬರಹವಾದ ಮೋಡಿಯ ವಿಷಯ ನಿಜ. ಪೇಶ್ವೆ ಆಡಳಿತದ ಮುಂದುವರಿಕೆಯಾಗಿ ಕುಲಕರ್ಣಿಗಳ ಲೆಕ್ಕ ಮೋಡಿಯಲ್ಲಿ ಹತ್ತೊಂಬತ್ತನೇ ಶತಮಾನದಲ್ಲೂ ನಡೆದಿತ್ತು. ಮೋಡಿ ಓದಲು ಬರುವವರು ಈಗ ಬೆರಳೆಣಿಕೆ. ಪೂರ್ತಿ ಓದಿಸಲು ಹೊರಡುವ ಮೊದಲು ಊರ ಹೆಸರು, ನಿಮ್ಮ ಮನೆತನದಲ್ಲಿ ಮರುಕಳಿಸುವ ಎರಡು ಮೂರು ಹೆಸರು ಮೋಡಿಯಲ್ಲಿ ಹೇಗೆ ಕಾಣುತ್ತವೆ ಎಂದು ಬರೆಸಿಕೊಳ್ಳಿ. ಆ ಆಕಾರ ಹಿಡಿದು ನೀವೇ ಪುಟ ಜರಡಿ ಹಿಡಿದು, ಸಿಕ್ಕ ಪುಟಗಳನ್ನಷ್ಟೇ ಓದಿಸಬಹುದು.

ನಿಮ್ಮ ಕಡೆ ಇನ್ನೊಂದು ದಾರಿಯಿದೆ, ಹೆಳವರು. ಎತ್ತಿನ ಮೇಲೆ ಊರೂರಿಗೆ ಬಂದು, ತಮಗೆ ಒಕ್ಕಲಾದ ಮನೆತನಗಳ ವಂಶಾವಳಿ ಹಾಡಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು, ಕಾಳು ಬಟ್ಟೆ ಪಡೆದು ಹೋಗುವವರು. ನಿಮ್ಮ ಮನೆತನಕ್ಕೆ ಯಾವ ಊರಿನ ಹೆಳವರು ಬರುತ್ತಿದ್ದರೆಂದು ದಾಯಾದಿಗಳಲ್ಲಿ ವಿಚಾರಿಸಿ. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಎದ್ದು ಬಂದರು ಎಂಬುದು ಪಹಣಿಯಲ್ಲಿ ಸಿಗುವ ಮಾತಲ್ಲ, ಹೆಳವರಲ್ಲಿ ಸಿಗುತ್ತದೆ. ಆದರೆ ಮೇಲಿನ ತಲೆಮಾರುಗಳನ್ನು ನಂಬುವ ಮೊದಲು ಕೆಳಗಿನ ಮೂರನ್ನು ಮ್ಯುಟೇಷನ್ನಿಗೆ ಹೋಲಿಸಿ. ಅಲ್ಲಿ ತಾಳೆಯಾದರೆ ಮೇಲಿನದಕ್ಕೂ ತೂಕ ಬರುತ್ತದೆ.

ಕಾರ್ಕಳದ ಕಡೆಯ ನಮ್ಮ ಕುಟುಂಬದ ದಾಖಲೆಯಲ್ಲಿ ಅಜ್ಜನ ಆಸ್ತಿ ಅವರ ಮಕ್ಕಳಿಗೆ ಹೋಗಿಲ್ಲ, ಬೇರೆ ಯಾರಿಗೋ ಹೋಗಿದೆ. ದಾಖಲೆ ತಪ್ಪೇ?
– ಮುಂಬೈಯಲ್ಲಿರುವ ತುಳುನಾಡಿನ ಓದುಗರು

ತಪ್ಪಲ್ಲ, ಅಳಿಯಸಂತಾನ. ಮಾವನಿಂದ ಸೋದರಳಿಯನಿಗೆ ಯಜಮಾನಿಕೆ ಹೋಗಿದೆ. "ಬೇರೆ ಯಾರೋ" ಎಂದು ನೀವಂದುಕೊಂಡವರು ಅಜ್ಜನ ಅಕ್ಕನ ಮಗ ಇರಬೇಕು. ಇಲ್ಲಿ ತಂದೆ ಮಗ ಎಂದು ಸರಪಳಿ ಕಟ್ಟಲು ಹೊರಟರೆ ಎರಡನೇ ಹೆಜ್ಜೆಗೇ ದಾರಿ ತಪ್ಪುತ್ತದೆ. ತಾಯಿ, ಅವಳ ತಾಯಿ ಎಂದು ಬರೆಯುತ್ತಾ ಹೋಗಿ, ಪ್ರತಿ ಹೆಣ್ಣಿನ ಬದಿಯಲ್ಲಿ ಅವಳ ಅಣ್ಣತಮ್ಮಂದಿರನ್ನು ಇಡಿ. ವರ್ಗದ (ಕಂದಾಯ ಲೆಕ್ಕದಲ್ಲಿ ಒಂದಾಗಿ ಬರೆದ ಹಿಡುವಳಿಯ) ದಾಖಲೆಯಲ್ಲಿ ಕಾಣುವುದು ಆ ಅಣ್ಣತಮ್ಮಂದಿರು. ಅಜ್ಜನ ಸ್ವಂತ ಮಕ್ಕಳು ಬೇಕಿದ್ದರೆ ಅಜ್ಜಿಯ ತವರಿನ ವರ್ಗ ನೋಡಬೇಕು.

ನಿಮಗೆ ಎಲ್ಲಕ್ಕಿಂತ ಬೆಲೆಯುಳ್ಳ ಕಾಗದ ಕುಟುಂಬದ ವಿಭಾಗ ಪತ್ರ. 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ (ಒಬ್ಬ ಹೆಣ್ಣಿನಿಂದ ಹರಿದ ಕವಲುಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟಿತು, ಸಂತತಿ ಕವರು ನಿಸ್ಸಂತತಿ ಕವರು ಎಂದು ಭೇದವನ್ನೂ ಮಾಡಿತು. ಯಾವ ಕವರಿನಲ್ಲಿ ಯಾರು ಯಾರು ಎಂದು ಬರೆಯದೆ ಪಾಲು ಮಾಡಲು ಬರುವುದಿಲ್ಲ. ಆದ್ದರಿಂದ ಆಮೇಲಿನ ವರ್ಷಗಳ ನೋಂದಾಯಿತ ವಿಭಾಗ ಪತ್ರಗಳಲ್ಲಿ ಮೂಲ ಸ್ತ್ರೀಯಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಇಡೀ ಕುಟುಂಬ ವಯಸ್ಸಿನ ಸಮೇತ ಸಿಗುವುದುಂಟು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ 1950ರಿಂದ ಮುಂದಕ್ಕೆ ಹುಡುಕಿ.

ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲಿದ್ದುದರಿಂದ ಅಲ್ಲಿ ಹಳೆಯ ಮೈಸೂರಿನ ವಹಿಗಳನ್ನು ಕೇಳಿದರೆ ಸಿಗುವುದಿಲ್ಲ. ಅಡಂಗಲ್ (ಪ್ರತಿ ವರ್ಷದ ಸಾಗುವಳಿ ಲೆಕ್ಕ), ಸೆಟ್ಲ್‌ಮೆಂಟ್ ರಿಜಿಸ್ಟರ್, ವರ್ಗ ನಂಬರು ಎಂದು ಕೇಳಬೇಕು. ಮೂಲಗೇಣಿ (ಶಾಶ್ವತ), ಚಾಲಗೇಣಿ (ವರ್ಷಾವಧಿ) ಚೀಟುಗಳಲ್ಲೂ ಒಕ್ಕಲಿನ ಕುಟುಂಬಗಳ ಹೆಸರುಗಳಿವೆ. ಕ್ರೈಸ್ತ ಕುಟುಂಬಗಳಿಗೆ ಇಗರ್ಜಿಯ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳೇ ಮೊದಲ ಆಧಾರ. ಬಾಸೆಲ್ ಮಿಷನ್ ಸಭೆಗಳವರಾದರೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲಾಗಾರವನ್ನು ಮರೆಯಬೇಡಿ.

ನಮ್ಮದು ಜಮೀನಿಲ್ಲದ ಮನೆ. ಅಜ್ಜ ಗೌಡರ ಹೊಲದಲ್ಲಿ ದುಡಿದವರು. ನಿಮ್ಮ ಪಹಣಿ ವಿದ್ಯೆಯಿಂದ ನಮಗೇನು ಉಪಯೋಗ?
– ಕೊಪ್ಪಳದ ಓದುಗರು

ಸರಿಯಾದ ಪ್ರಶ್ನೆ. ಈ ಬರಹದಲ್ಲಿ ಇಲ್ಲಿಯವರೆಗೆ ಹೇಳಿದ್ದೆಲ್ಲ ಖಾತೆ ಇದ್ದವರ ಕಥೆಯೇ. ಆದರೂ ಹುಡುಕಲು ನಾಲ್ಕು ಜಾಗಗಳಿವೆ.

ಪಹಣಿಯ 12ನೇ ಕಾಲಂ ಸಾಗುವಳಿದಾರರದು. ಮಾಲೀಕನ ಸರ್ವೆ ನಂಬರು ಗೊತ್ತಿದ್ದರೆ ಗೇಣಿಗೆ ಉಳುತ್ತಿದ್ದವರ ಹೆಸರು ಅಲ್ಲಿರಬಹುದು. ಇರದಿದ್ದರೆ ಅಜ್ಜ ಉಳಲೇ ಇಲ್ಲ ಎಂದು ತೀರ್ಮಾನಿಸಬೇಡಿ. ಗೇಣಿದಾರನ ಹೆಸರು ಬರೆಸದೆ "ಸ್ವಂತ" ಎಂದು ಬರೆಸಿದ ಮಾಲೀಕರಿಗೆ ಲೆಕ್ಕವಿಲ್ಲ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಡಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿಯ ಕಡತದಲ್ಲಿ ಅರ್ಜಿದಾರ, ಸಾಕ್ಷಿಗಳು, ಎಷ್ಟು ತಲೆಮಾರಿನಿಂದ ಉಳುತ್ತಿದ್ದೇವೆ ಎಂಬ ಹೇಳಿಕೆ ಎಲ್ಲ ಇರುತ್ತವೆ. ಅರ್ಜಿ ವಜಾ ಆಗಿದ್ದರೂ ಕಡತ ಕಡತವೇ. ಅಜ್ಜನದೇ ಮಾತು, ಹೆಬ್ಬೆಟ್ಟಿನ ಸಮೇತ, ಬೇರೆಲ್ಲೂ ಸಿಗಲಾರದು. ತಾಲ್ಲೂಕು ಕಚೇರಿಯ ಭೂಸುಧಾರಣೆ ಶಾಖೆಯಲ್ಲಿ ಕೇಳಿ.

ಮೂರನೆಯದು ತೋಟಿ, ತಳವಾರ, ನೀರಗಂಟಿಯಂಥ ಊರ ಚಾಕರಿಯ ಮನೆತನಗಳಿಗೆ. ಚಾಕರಿಗೆ ಇನಾಮು ಜಮೀನಿತ್ತು, ಅದು ವಂಶಪಾರಂಪರ್ಯವಾಗಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರಲ್ಲಿ ಜಾರಿಯಾದ ಮೇಲೆ ಆ ಜಮೀನುಗಳನ್ನು ಚಾಕರಿ ಮಾಡಿದವರಿಗೆ ಮರುಮಂಜೂರು ಮಾಡಿದರು. ಯಾರು ಹಕ್ಕುದಾರರು ಎಂದು ತೋರಿಸಲು ವಂಶಾವಳಿ ಹಾಜರುಪಡಿಸಬೇಕಿತ್ತು. ಆ ಮರುಮಂಜೂರಾತಿ ಕಡತಗಳಲ್ಲಿ ಸಿಗುವ ವಂಶಾವಳಿ ಎಷ್ಟೋ ದೊಡ್ಡ ಹಿಡುವಳಿದಾರರಿಗೂ ಸಿಗುವುದಿಲ್ಲ.

ಕೊನೆಯದು ಶಾಲೆಯ ದಾಖಲಾತಿ ವಹಿ ಮತ್ತು ಜನನ ಮರಣ ವಹಿ. ಇವು ಆಸ್ತಿ ನೋಡುವುದಿಲ್ಲ.

ಅಪ್ಪ, ಚಿಕ್ಕಪ್ಪ, ದೊಡ್ಡಪ್ಪ ಮೂವರ ಹುಟ್ಟಿದ ದಿನವೂ ಶಾಲೆಯ ದಾಖಲೆಯಲ್ಲಿ ಜೂನ್ 1! ಇದು ಹೇಗೆ ಸಾಧ್ಯ?
– ಶಿರಾದ ಓದುಗರು

ಶಾಲೆ ಶುರುವಾಗುವ ದಿನಕ್ಕೆ ವಯಸ್ಸು ತುಂಬಲೆಂದು ಮೇಷ್ಟ್ರು ಬರೆದದ್ದು. ತಾರೀಖನ್ನು ಬಿಡಿ, ವರ್ಷವನ್ನು ಒಂದೆರಡು ವರ್ಷ ಆಚೀಚೆ ಎಂದು ಇಟ್ಟುಕೊಳ್ಳಿ. ವಹಿಯಲ್ಲಿ ತಂದೆ ಅಥವಾ ಪೋಷಕರ ಹೆಸರು, ಜಾತಿ, ಕಸುಬು, ಹಿಂದೆ ಓದಿದ ಶಾಲೆ ಇವು ನಂಬಲರ್ಹ. ಹಿಂದಿನ ಶಾಲೆ ಬೇರೆ ಊರಿನದಾದರೆ ಅದು ತಾಯಿಯ ತವರೂರಾಗಿರುವ ಸಾಧ್ಯತೆ ಇದೆ, ಅಲ್ಲಿಯೂ ಕೇಳಿ.

ಸರಿಯಾದ ದಿನಕ್ಕೆ ಜನನ ವಹಿ ನೋಡಬೇಕು. ಜನನ ಮರಣ ನೋಂದಣಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದ ಕಾಯಿದೆ 1969ರದು, 1970ರ ಏಪ್ರಿಲ್‌ನಿಂದ ಜಾರಿ. ಅದಕ್ಕೂ ಮುಂಚೆ ಪಟೇಲರು, ಶಾನುಭೋಗರು ಬರೆದಿಟ್ಟ ವಹಿಗಳು ತಾಲ್ಲೂಕು ಕಚೇರಿಯಲ್ಲಿರುತ್ತವೆ. ಬಿಟ್ಟುಹೋದವರು ಬಹಳ. ಎಷ್ಟೋ ನಮೂದುಗಳಲ್ಲಿ ಮಗುವಿನ ಹೆಸರೇ ಇಲ್ಲ, "ಗಂಡು, ತಂದೆ ಇಂಥವನು" ಎಂದಷ್ಟೇ ಇರುತ್ತದೆ. ನಾಮಕರಣಕ್ಕೆ ಮೊದಲೇ ವರದಿ ಕೊಟ್ಟದ್ದರ ಫಲ. ತಂದೆಯ ಹೆಸರಿನ ಮೇಲೆ ಹುಡುಕಿ.

ಸೇಡಂ ತಾಲ್ಲೂಕಿನ ಹಳೆಯ ಕಾಗದದಲ್ಲಿ 1347 ಫಸಲಿ ಎಂದಿದೆ. ಅಜ್ಜಿ ಮಾತ್ರ ತಮ್ಮ ಮಾವ ಸತ್ತದ್ದು "ಪಾರ್ಥಿವದಲ್ಲಿ" ಎನ್ನುತ್ತಿದ್ದರು. ಇಸವಿ ಲೆಕ್ಕ ಹೇಗೆ?
– ಕಲಬುರಗಿಯ ಓದುಗರು

ಫಸಲಿ ಎಂದರೆ ಕಂದಾಯದ ವರ್ಷ, ಅದಕ್ಕೆ 590 ಕೂಡಿಸಿ. 1347 ಎಂದರೆ 1937-38. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಆಜರ್ ತಿಂಗಳಿಂದ ಶುರು, ಮದರಾಸಿನದು ಜುಲೈ 1ರಿಂದ. ಎರಡರಲ್ಲೂ ತಾರೀಖು ಜನವರಿಯಿಂದಾಚೆಗೆ ಬಿದ್ದರೆ 591 ಕೂಡಿಸಬೇಕು. ಬಳ್ಳಾರಿಯವರಿಗೆ ಮದರಾಸಿನ ಲೆಕ್ಕ, ನಿಮಗೆ ಹೈದರಾಬಾದಿನದು.

ಸಂವತ್ಸರಕ್ಕೆ ಮೂರು ಕಂಬ ನೆಟ್ಟುಕೊಳ್ಳಿ: ಪ್ರಭವ 1867-68, 1927-28, 1987-88. ಪಾರ್ಥಿವ ಹತ್ತೊಂಬತ್ತನೆಯದು, ಆದ್ದರಿಂದ 1885-86 ಅಥವಾ 1945-46. ಯಾವುದೆಂದು ಅಜ್ಜಿಯ ವಯಸ್ಸೇ ಹೇಳುತ್ತದೆ. 1347 ಫಸಲಿಯ ಕಾಗದದಲ್ಲಿ ಆ ಮಾವ ಬದುಕಿದ್ದರೆ 1945-46ಕ್ಕೆ ಸಂಶಯವಿಲ್ಲ.

"ಧಾತು ಈಶ್ವರ" ಎಂಬ ಮಾತು ಕಿವಿಗೆ ಬಿದ್ದರೆ ಅದು 1876-78ರ ಬರ. ಮೈಸೂರು ಸಂಸ್ಥಾನವೊಂದರಲ್ಲೇ 1871ರಲ್ಲಿ 50 ಲಕ್ಷದಷ್ಟಿದ್ದ ಜನ 1881ರ ಗಣತಿಗೆ 42 ಲಕ್ಷಕ್ಕೆ ಇಳಿದಿದ್ದರು. ಹಲವು ಮನೆತನಗಳ ಸರಪಳಿ ಕಡಿಯುವುದು, ಊರು ಬದಲಾಗುವುದು ಇಲ್ಲೇ. ಆಗಿನ ವಹಿಯಲ್ಲಿ ನಿಮ್ಮ ಹೊಲ ಪಾಳು ಎಂದೋ ಬೇರೆಯವರ ಹೆಸರಲ್ಲೋ ಇದ್ದರೆ, ನಿಮ್ಮವರು ಆ ಊರಿಗೆ ಬಂದದ್ದೇ ಬರದ ಮೇಲೆ ಎಂದು ಊಹಿಸಿ ಪಕ್ಕದ ಊರುಗಳನ್ನು ನೋಡಿ.

ನಿಮ್ಮ ತಾಲ್ಲೂಕಿನ ವಹಿ ಉರ್ದುವಿನಲ್ಲಿರುತ್ತದೆ. ಉರ್ದು ಬಲ್ಲವರೆಲ್ಲ ಅದರ ಅಂಕಿಗಳನ್ನು ಓದಲಾರರು. ಮೊತ್ತಗಳನ್ನು ರಖಂ ಎಂಬ ಸಂಕ್ಷಿಪ್ತ ಬರಹದಲ್ಲಿ ಬರೆಯುವ ರೂಢಿ ಇತ್ತು. ಹೆಸರು ಮತ್ತು ಸರ್ವೆ ನಂಬರು ಸಿಕ್ಕರೆ ಸಾಕು, ಮೊತ್ತಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಊರು ಜಾಗೀರಿನದಾಗಿದ್ದರೆ 1949ರಲ್ಲಿ ಜಾಗೀರು ರದ್ದಾಗುವವರೆಗಿನ ಲೆಕ್ಕ ಸರ್ಕಾರದ ಬಳಿ ಇರಲಿಲ್ಲ, ಜಾಗೀರುದಾರನ ಬಳಿ ಇತ್ತು.

ಅಜ್ಜಿಯ ಅಕ್ಕತಂಗಿಯರು ಎಲ್ಲಿಗೆ ಮದುವೆಯಾಗಿ ಹೋದರು ಎಂದು ಹುಡುಕುತ್ತಿದ್ದೇನೆ. ಮ್ಯುಟೇಷನ್ನಿನಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲ.
– ಮದ್ದೂರಿನ ಓದುಗರು

ಬರೆಸುತ್ತಿರಲಿಲ್ಲ. ಆದರೆ ಅವರ ಸಹಿ ಬೇಕಾದಾಗ ಕರೆದು ಬರೆಸಿಕೊಂಡಿದ್ದಾರೆ. ಹಕ್ಕು ಬಿಡುಗಡೆ ಪತ್ರ ಹುಡುಕಿ. 1956ರ ಉತ್ತರಾಧಿಕಾರ ಕಾಯಿದೆಯ ಮೇಲೆ, ಇನ್ನೂ ಹೆಚ್ಚಾಗಿ 1994ರ ಕರ್ನಾಟಕದ ತಿದ್ದುಪಡಿ ಮತ್ತು 2005ರ ಕೇಂದ್ರದ ತಿದ್ದುಪಡಿಯ ಮೇಲೆ, ಜಮೀನು ಮಾರುವಾಗ ಕೊಳ್ಳುವವನು ಹೆಣ್ಣುಮಕ್ಕಳೆಲ್ಲರ ಸಹಿ ಕೇಳತೊಡಗಿದ. ಆ ಪತ್ರಗಳಲ್ಲಿ "ಇಂಥವರ ಹೆಂಡತಿ, ಇಂಥ ಗ್ರಾಮದ ವಾಸಿ" ಎಂದು ಪೂರ್ತಿ ವಿಳಾಸ ಇರುತ್ತದೆ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕಾವೇರಿ ತಂತ್ರಾಂಶದ ಋಣಭಾರ ಪ್ರಮಾಣಪತ್ರ 2004ರ ಏಪ್ರಿಲ್‌ನಿಂದ ಈಚಿನದಕ್ಕೆ. ಹಿಂದಿನದಕ್ಕೆ ಕೈಬರಹದ ಸೂಚಿ ನೋಡಬೇಕು: ಒಂದನೇ ಸೂಚಿ ಹೆಸರಿನ ಮೇಲೆ, ಎರಡನೆಯದು ಆಸ್ತಿಯ ಮೇಲೆ. ಜನರ ಹೆಸರು ಹಿಡಿದು ಹುಡುಕಬಹುದಾದ ಅಪರೂಪದ ಸರ್ಕಾರಿ ವಹಿ ಈ ಒಂದನೇ ಸೂಚಿ. ನೋಂದಣಿ ಕಾಯಿದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ 1ನೇ ಪುಸ್ತಕ ಮತ್ತು ಅದರ ಸೂಚಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಉಯಿಲುಗಳ 3ನೇ ಪುಸ್ತಕದ ನಕಲು ಬರೆದವರು ಬದುಕಿರುವವರೆಗೆ ಅವರಿಗೆ ಮಾತ್ರ, ತೀರಿಕೊಂಡ ಮೇಲೆ ಕೇಳಿದವರಿಗೆ. 4ನೇ ಪುಸ್ತಕ ಪತ್ರದ ಪಕ್ಷಗಾರರಿಗಷ್ಟೇ. ನೂರು ರೂಪಾಯಿಗಿಂತ ಕಡಿಮೆಯ ಕ್ರಯಕ್ಕೆ ನೋಂದಣಿ ಕಡ್ಡಾಯವಿರಲಿಲ್ಲ. ಹಿಂದಿನ ಕಾಲದಲ್ಲಿ ನೂರು ರೂಪಾಯಿಯೊಳಗೆ ಎಷ್ಟೋ ಹೊಲ ಕೈ ಬದಲಾಗಿದೆ. ಸೂಚಿಯಲ್ಲಿ ಇಲ್ಲವೆಂದು ವ್ಯವಹಾರವೇ ಆಗಿಲ್ಲ ಎನ್ನಲಾಗದು.

ಮನೆಯಲ್ಲಿ ಪಾಲಿನ ವ್ಯಾಜ್ಯ ನಡೆದಿದ್ದರೆ ಅದು ಅದೃಷ್ಟವೆಂದೇ ತಿಳಿಯಿರಿ. ದಾವೆಯ ಜೊತೆ ವಂಶಾವಳಿ ಲಗತ್ತಿಸುತ್ತಾರೆ, ಎದುರು ಪಕ್ಷದವರು ಅದರಲ್ಲಿ ತಪ್ಪು ಹುಡುಕಿರುತ್ತಾರೆ. ಅಸಲು ದಾವೆಯ ನಂಬರು, ವರ್ಷ ತಿಳಿದು ನ್ಯಾಯಾಲಯದ ನಕಲು ಶಾಖೆಗೆ ಅರ್ಜಿ ಕೊಡಿ. ಉಳಿದ ಕಾಗದ ಅವಧಿ ಮುಗಿದು ನಾಶವಾಗಿದ್ದರೂ ತೀರ್ಪು, ಡಿಕ್ರಿ ಸಿಗುವ ಸಾಧ್ಯತೆ ಹೆಚ್ಚು.

ಇಲ್ಲಿ ಕೌಂಟಿಯ ಕಚೇರಿಯಲ್ಲಿ ಯಾರು ಬೇಕಾದರೂ ನೂರು ವರ್ಷದ ಹಿಂದಿನ ಜನನ, ಮದುವೆ, ಉಯಿಲು ನೋಡುತ್ತಾರೆ, ಗಣತಿಯ ಹಾಳೆ ಮನೆಯಲ್ಲೇ ಕೂತು ನೋಡುತ್ತಾರೆ. ನಮ್ಮಲ್ಲಿ ಗಣತಿಯ ಹಾಳೆ ಎಲ್ಲಿ ಸಿಗುತ್ತದೆ?
– ಅಮೆರಿಕದ ಓಹಾಯೋದ ಕನ್ನಡಿಗರು

ಸಿಗುವುದಿಲ್ಲ, ಆ ಆಸೆ ಬಿಡಿ. ಅಮೆರಿಕದಲ್ಲಿ 72 ವರ್ಷದ ಮೇಲೆ ಗಣತಿಯ ಮನೆವಾರು ಹಾಳೆ ಬಿಡುಗಡೆಯಾಗುತ್ತದೆ, 1950ರದು 2022ರಲ್ಲಿ ಬಂತು. ನಮ್ಮ 1948ರ ಗಣತಿ ಕಾಯಿದೆಯ 15ನೇ ಕಲಮು ಮನೆಯ ಮಾಹಿತಿಯನ್ನು ಯಾರೂ ನೋಡುವಂತಿಲ್ಲ ಎನ್ನುತ್ತದೆ, ವರ್ಷದ ಮಿತಿ ಇಲ್ಲ. ನಿಮ್ಮ ಓಹಾಯೋದಲ್ಲಿ 1867ರಿಂದ 1908ರವರೆಗೆ ಕೌಂಟಿಯ ಪ್ರೊಬೇಟ್ ನ್ಯಾಯಾಲಯವೇ ಜನನ ಮರಣ ಬರೆದಿಟ್ಟಿತ್ತು, ಮದುವೆ ಉಯಿಲುಗಳೂ ಅಲ್ಲೇ. ನಮ್ಮಲ್ಲಿ ಅದೇ ಕೆಲಸ ನಾಲ್ಕು ಕಚೇರಿಗೆ ಹಂಚಿದೆ, ಒಂದರ ಸೂಚಿ ಇನ್ನೊಂದಕ್ಕೆ ಗೊತ್ತಿಲ್ಲ. ಊರಿನ ನೆಂಟರೊಬ್ಬರಿಗೆ ಅಧಿಕಾರ ಪತ್ರ ಕೊಟ್ಟು ಕೆಲಸ ಮಾಡಿಸಿ. ಹೊರಡುವ ಮೊದಲು ಗ್ರಾಮ, ಹೋಬಳಿ, ಸರ್ವೆ ನಂಬರು, ವರ್ಷಗಳ ಪಟ್ಟಿ ಅವರ ಕೈಗೆ ಕೊಡಿ. ಬರೀ "ನಮ್ಮ ವಂಶದ್ದು ವಿಚಾರಿಸು" ಎಂದರೆ ಅವರು ಬರಿಗೈಲಿ ಬರುತ್ತಾರೆ.

ಎರಡು ಸಲ ಅರ್ಜಿ ಹಾಕಿದೆ. "ದಾಖಲೆ ಲಭ್ಯವಿಲ್ಲ" ಎಂಬ ಬಾಯಿಮಾತು ಬಿಟ್ಟರೆ ಏನೂ ಸಿಗಲಿಲ್ಲ. ಮುಂದೇನು?
– ಕೊಳ್ಳೇಗಾಲದ ಓದುಗರು

ಮೊದಲು ಹಿಂಬರಹ, ಅಂದರೆ ದಾಖಲೆ ಇಲ್ಲವೆಂಬ ಲಿಖಿತ ಉತ್ತರ, ಕೇಳಿ ಪಡೆಯಿರಿ. ಬರೆದುಕೊಡಬೇಕಾದಾಗ ಇನ್ನೊಮ್ಮೆ ಹುಡುಕುತ್ತಾರೆ.

ನಿಮ್ಮದು ವಿಶೇಷ ಸಂದರ್ಭವೂ ಹೌದು. ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ. ಜಿಲ್ಲಾ ಮಟ್ಟದ ಕಡತ ಈ ಮೂರರಲ್ಲಿ ಎಲ್ಲಿ ನಿಂತಿದೆಯೋ ಅಲ್ಲಿ ಹುಡುಕಬೇಕು, ಹಳೆಯದು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಇದೇ ಮಾತು 1997ರಲ್ಲಿ ಹುಟ್ಟಿದ ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ದಾವಣಗೆರೆ, ಉಡುಪಿಗೂ, 2007ರ ರಾಮನಗರ, ಚಿಕ್ಕಬಳ್ಳಾಪುರಕ್ಕೂ, 2021ರ ವಿಜಯನಗರಕ್ಕೂ ಅನ್ವಯಿಸುತ್ತದೆ. ತಾಲ್ಲೂಕು ಒಡೆದಾಗ ಕಂತೆಗಳೆಲ್ಲ ಹೊಸ ಕಚೇರಿಗೆ ಹೋಗುವುದಿಲ್ಲ. ಮಾತೃ ತಾಲ್ಲೂಕಿನಲ್ಲೂ ಅರ್ಜಿ ಹಾಕಿ.

ಇನ್ನೊಂದು ಕಾರಣ, ಮೇಲ್ಮನವಿಗೆಂದು ಉಪವಿಭಾಗಾಧಿಕಾರಿ ಕಚೇರಿಗೆ ಹೋದ ವಹಿ ಮರಳದೇ ಇರುವುದು. ರೆಕಾರ್ಡ್ ರೂಮಿನ ಹೊರಹೋದ ಕಡತಗಳ ವಹಿಯಲ್ಲಿ ಆ ನಮೂದು ಇದೆಯೇ ಎಂದು ಕೇಳಿ. ಊರೇ ಬೇಚಿರಾಕ್ (ಜನವಸತಿಯಿಲ್ಲದ್ದು) ಆಗಿದ್ದರೆ ಪಕ್ಕದ ಊರಿನ ಕಂತೆಯೊಳಗೆ ಅದರ ಹಾಳೆಗಳು ಸೇರಿಕೊಂಡಿರುತ್ತವೆ. ಅಣೆಕಟ್ಟಿನಲ್ಲಿ ಮುಳುಗಿದ ಊರಾದರೆ ಭೂಸ್ವಾಧೀನದ ಐತೀರ್ಪಿನ ಕಡತ ಹುಡುಕಿ. ಪರಿಹಾರ ಹಂಚುವಾಗ ಒಬ್ಬ ಪಾಲುದಾರನನ್ನೂ ಬಿಡದೆ ಬರೆದಿರುತ್ತಾರೆ.

ಇಷ್ಟಾದರೂ ಆಗದಿದ್ದರೆ ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ವಂಶದ ಕಥೆ ಬರೆದು ಪದ ಕಳೆಯಬೇಡಿ. ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಇಂಥ ವರ್ಷಗಳ ವಹಿಯ ನಕಲು ಬೇಕು, ನಾಶಪಡಿಸಿದ್ದರೆ ನಾಶಪಡಿಸಿದ ದಾಖಲೆಗಳ ವಹಿಯಲ್ಲಿನ ಆ ನಮೂದಿನ ನಕಲು ಬೇಕು ಎಂದು ಬರೆಯಿರಿ. ಎರಡನೆಯ ವಾಕ್ಯ ಮುಖ್ಯ, ಅದಿದ್ದರೆ "ಲಭ್ಯವಿಲ್ಲ" ಎಂದು ಸುಮ್ಮನೆ ಮುಗಿಸಲು ಬರುವುದಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಹಾಳೆ ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿದೆ ಎಂದು ಹೇಳಿದರೆ ಜೆರಾಕ್ಸಿಗೆ ಹಟ ಹಿಡಿಯದೆ ಕೈಬರಹದ ದೃಢೀಕೃತ ನಕಲು ಕೇಳಿ. ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಕೆಲಸ ನಿಮ್ಮ ತಾಲ್ಲೂಕಿನಲ್ಲಿ ಯಾವ ಹೋಬಳಿಯವರೆಗೆ ಬಂದಿದೆ ಎಂದೂ ವಿಚಾರಿಸಿ. ಕಂತೆ ಸ್ಕ್ಯಾನಿಂಗಿಗೆ ಹೋಗಿದ್ದರೆ ರೆಕಾರ್ಡ್ ರೂಮಿನ ಕಪಾಟಿನಲ್ಲಿ ಹುಡುಕಿ ಫಲವಿಲ್ಲ.